ಎರಡು ಪಟ್ಟು ಎಂದರೆ ಎಂಟು ಪಟ್ಟು

ಫೆಬ್ರುವರಿ 28ರ ವಿಜ್ಞಾನ ದಿನ ಹತ್ತಿರವಾದಂತೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹೈಸ್ಕೂಲುಗಳ ವಸ್ತು ಪ್ರದರ್ಶನದಲ್ಲಿ ಒಂದು ಬೆಂಚನ್ನು ರಾಕೆಟ್ಟಿಗೆಂದೇ ಬಿಟ್ಟಿರುತ್ತಾರೆ. ಥರ್ಮೊಕೋಲಿನ ಮೈ, ಡ್ರಾಯಿಂಗ್ ಶೀಟಿನ ಮೂತಿ, ಎಡಬಲಕ್ಕೆ ಎರಡು ದಪ್ಪ ಕೊಳವೆ, ಮೈಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ‘ಇಸ್ರೊ’. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಮರುತಿಂಗಳು ಗಣೇಶನ ಮಂಟಪಗಳಿಗೂ ಇದೇ ರಾಕೆಟ್ ಬಂತು. ಅದರ ಮೂಲವಾದ ಎಲ್‌ವಿಎಂ-3 ವಾಹನದ ಎತ್ತರ 43.5 ಮೀಟರ್, ಹಾರುವ ಹೊತ್ತಿನ ತೂಕ ಸುಮಾರು 640 ಟನ್. ಅದನ್ನು ಇಪ್ಪತ್ತರಲ್ಲೊಂದು ಅಳತೆಗೆ ಕುಗ್ಗಿಸಿದರೆ ಎರಡು ಮೀಟರಿಗೆ ತುಸು ಹೆಚ್ಚಾಗುತ್ತದೆ. ಒಳಗಿನ ಸರಂಜಾಮನ್ನೂ ಅದೇ ಅಳತೆಯಲ್ಲಿ ಕುಗ್ಗಿಸಿದ್ದರೆ ಬೆಂಚಿನ ಮೇಲಿನ ರಾಕೆಟ್ 80 ಕೆಜಿ ತೂಗಬೇಕಿತ್ತು. ತೂಗುವುದು ಎರಡು ಕೆಜಿಯೂ ಇಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ತೀರ್ಪುಗಾರರು ಕೇಳುವುದಿಲ್ಲ, ವಿದ್ಯಾರ್ಥಿ ಮೊದಲ ಹಂತ, ಎರಡನೆಯ ಹಂತ ಎಂದು ಒಪ್ಪಿಸಿ ಕೈಮುಗಿಯುತ್ತಾನೆ.

ದೊಡ್ಡದನ್ನು ಕುಗ್ಗಿಸಿ ಮಾದರಿ ಮಾಡಿದಾಗ ತಪ್ಪುಗಳು ಅಡಗಿಕೊಳ್ಳುತ್ತವೆ, ಚಿಕ್ಕದನ್ನು ಹಿಗ್ಗಿಸಿದಾಗ ಎದ್ದು ಕೂರುತ್ತವೆ. ಕಲಿಯುವವರಿಗೆ ಬೇಕಾದದ್ದು ಎರಡನೆಯದು ಎಂಬುದು ನನ್ನ ವಾದ. ಎಲ್‌ವಿಎಂ-3ರ ಗೊಂಬೆಯ ಬದಲು ಗೇಣುದ್ದದ ಹಳೆಯ ಮಾದರಿ ರಾಕೆಟ್ಟೊಂದನ್ನು ಎರಡು ಅಥವಾ ಮೂರು ಪಟ್ಟು ಹಿಗ್ಗಿಸಿ, ಮೂಲದ ಬಣ್ಣವನ್ನೇ ಬಳಿದು ಆ ಬೆಂಚಿನ ಮೇಲೆ ನಿಲ್ಲಿಸಬೇಕು. ಜಗತ್ತಿನ ಮಟ್ಟಿಗೆ ಇದು ಹೊಸ ಹುಚ್ಚೇನಲ್ಲ. 1954ರಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಊರಲ್ಲಿ ಬೂಟಿನ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್, ಕಾಗದದ ಕೊಳವೆ, ಹಗುರ ಕಟ್ಟಿಗೆಯ ರೆಕ್ಕೆ, ಬದಲಾಯಿಸಬಹುದಾದ ಪುಟ್ಟ ಮೋಟಾರು, ಇಳಿಯಲು ಪ್ಯಾರಾಚೂಟ್ ಇರುವ ಮೊದಲ ಮಾದರಿ ರಾಕೆಟ್ ಮಾಡಿದ. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿದ್ದ ಹ್ಯಾರಿ ಸ್ಟೈನ್ 1957ರಲ್ಲಿ ಅದನ್ನು ಮಾರಾಟಕ್ಕೆ ತಂದ. ಮರುವರ್ಷ ವರ್ನ್ ಎಸ್ಟೆಸ್ ಎಂಬಾತ ಐದೂವರೆ ಸೆಕೆಂಡಿಗೊಂದು ಮೋಟಾರು ಒತ್ತುವ ಯಂತ್ರ ಕಟ್ಟಿ, ಅದಕ್ಕೆ ‘ಮೇಬಲ್’ ಎಂದು ಹೆಣ್ಣುಮಗಳ ಹೆಸರಿಟ್ಟ. ಆಲ್ಫಾ, ಬಿಗ್ ಬರ್ತಾ, ಮಸ್ಕಿಟೊ ಎಂಬ ರಾಕೆಟ್ಟುಗಳು ಹುಟ್ಟಿದ್ದು ಆಮೇಲೆ. 1960ರ, 70ರ ದಶಕದಲ್ಲಿ ಅವನ್ನು ಹಾರಿಸಿದ ಹುಡುಗರು ಈಗ ಅಜ್ಜಂದಿರು. ತಮ್ಮ ಬಾಲ್ಯದ ರಾಕೆಟ್ಟನ್ನೇ ಎರಡು, ಮೂರು, ಐದು ಪಟ್ಟು ದೊಡ್ಡದಾಗಿ ಕಟ್ಟಿ ಅದೇ ಗೆರೆ, ಅದೇ ಬಣ್ಣ ಹಚ್ಚುವುದು ಅವರಲ್ಲಿ ಅನೇಕರ ವ್ರತ. ಬೆರಳುದ್ದದ ಮಸ್ಕಿಟೊಗೆ ಎಸ್ಟೆಸ್‌ನ ಕಂಪನಿಯೇ ‘ಮೆಗಾ ಮಸ್ಕಿಟೊ’ ಎಂಬ ಅಣ್ಣನನ್ನು ಮಾರುಕಟ್ಟೆಗೆ ಬಿಟ್ಟಿತು. ಬಾಲ್ಯವನ್ನು ಮರಳಿ ಪಡೆಯುವ ಅವರ ಆಸೆ ಅವರಿಗಿರಲಿ. ನಮಗೆ ಬೇಕಾದದ್ದು ಆ ಕೆಲಸದಲ್ಲಿ ಅಡಗಿರುವ ಲೆಕ್ಕ.

ಈ ಲೆಕ್ಕ ನಮ್ಮ ಕಡೆಯ ಕೈಗಳಿಗೆ ಗೊತ್ತಿರುವುದೇ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಗೇಣುದ್ದದ ಎತ್ತಿಗೆ ಹೆಬ್ಬೆರಳು ಗಾತ್ರದ ಕಾಲು ಸಾಕು. ಅದೇ ಜೇಡಿಮಣ್ಣಿನಲ್ಲಿ, ಅದೇ ಆಕಾರದಲ್ಲಿ ಮೂರು ಪಟ್ಟು ದೊಡ್ಡ ಎತ್ತು ಮಾಡಿ ನೋಡಿ. ಉದ್ದ, ಅಗಲ, ಎತ್ತರ ಮೂರೂ ಮೂರು ಪಟ್ಟಾದ್ದರಿಂದ ಮಣ್ಣು ಹಿಡಿಯುವುದು 27 ಪಟ್ಟು. ಆ ಭಾರ ಹೊರುವ ಕಾಲಿನ ಅಡ್ಡಕೊಯ್ತ ಮಾತ್ರ 9 ಪಟ್ಟು. ಕಾಲಿನ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಹೊರೆ ಮೂರು ಪಟ್ಟಾಯಿತು. ಹಸಿಮಣ್ಣಿನ ಕಾಲು ಸೊಟ್ಟಗಾಗಿ ಎತ್ತು ಹೊಟ್ಟೆಯ ಮೇಲೆ ಕೂರುತ್ತದೆ. ಗಣಪತಿ ಮಾಡುವವರು ಮೂರ್ತಿ ದೊಡ್ಡದಾದಂತೆ ಒಳಗೆ ಹುಲ್ಲು ತುಂಬಿ, ಕಟ್ಟಿಗೆಯ ಆಧಾರ ಕೊಟ್ಟು, ಟೊಳ್ಳು ಮಾಡುವುದು ಇದೇ ಕಾರಣಕ್ಕೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಆಳೆತ್ತರದ ರೈತರು, ಹೆಂಗಸರು, ಎತ್ತುಗಳು ಸಿಮೆಂಟಿನಲ್ಲಿ ನಿಂತಿವೆ. ಮೇಲಿನ ರೂಪ ಗೊಂಬೆಯದೇ ಆದರೂ ಆಳೆತ್ತರದ ಸಿಮೆಂಟಿನ ಮೂರ್ತಿಗೆ ಒಳಗೆ ಕಬ್ಬಿಣದ ಸರಳಿನ ಹಂದರ ಬೇಕು. ಗೊಂಬೆಗೆ ಅದು ಬೇಡ. ಗೆಲಿಲಿಯೊ 1638ರ ತನ್ನ ಕೊನೆಯ ಪುಸ್ತಕದಲ್ಲಿ, ಪ್ರಾಣಿಯೊಂದು ಹಲವು ಪಟ್ಟು ದೊಡ್ಡದಾದರೆ ಅದರ ಎಲುಬು ಅಳತೆಮೀರಿ ದಪ್ಪವಾಗಬೇಕಾಗುತ್ತದೆ ಎಂದು ಚಿತ್ರ ಬರೆದು ತೋರಿಸಿದ. ಸವಣೂರಿನ ಕಲ್ಮಠದ ಆವರಣದ ‘ದೊಡ್ಡ ಹುಣಸೆ’ ಎಂಬ ಮರಗಳನ್ನು ಕಂಡವರಿಗೆ ಆ ಚಿತ್ರ ಬೇಕಿಲ್ಲ. ಆಫ್ರಿಕಾ ಮೂಲದ ಆ ಮರದ ಬುಡದ ಸುತ್ತಳತೆ ಹತ್ತು ಮೀಟರಿಗೂ ಮಿಕ್ಕದ್ದು. ಮನೆ ಹಿತ್ತಲಿನ ನುಗ್ಗೆಗಿಡವನ್ನು ಅಷ್ಟೆತ್ತರಕ್ಕೆ ಹಿಗ್ಗಿಸಿದರೆ ಅದು ಆ ರೂಪದಲ್ಲಿ ಉಳಿಯುವುದಿಲ್ಲ. (ದೊಡ್ಡ ಹುಣಸೆ ನೀರು ತುಂಬಿಕೊಳ್ಳಲೂ ಬುಡ ದಪ್ಪ ಮಾಡಿಕೊಳ್ಳುತ್ತದೆ ಎಂದು ಸಸ್ಯಶಾಸ್ತ್ರದವರು ತಿದ್ದುತ್ತಾರೆ, ಸರಿಯೇ. ನೀರಿನ ಭಾರ ಹೊರಲೂ ದಪ್ಪ ಬೇಕಲ್ಲ.) ಹಾನಗಲ್ಲಿನ ತಾರಕೇಶ್ವರ ಗುಡಿಯ ಕಮಲದ ಛಾವಣಿಯೂ ಇದೇ ಮಾತು ಹೇಳುತ್ತದೆ. ಚಿಕ್ಕ ಅಂಕಣಕ್ಕೆ ಒಂದೇ ಚಪ್ಪಡಿ ಹಾಸಿ ಅದರ ಅಡಿಗೆ ಕಮಲ ಕೆತ್ತಬಹುದು. ಅಗಲ ಹೆಚ್ಚಿದಂತೆ ಚಪ್ಪಡಿ ತನ್ನ ಭಾರಕ್ಕೇ ಮುರಿಯುತ್ತದೆ, ಅದಕ್ಕೆ ಕಲ್ಲುಕುಟಿಗರು ಸುತ್ತು ಸುತ್ತಾಗಿ ಕಲ್ಲನ್ನು ಒಳಚಾಚಿ ಬಾಯಿ ಮುಚ್ಚುತ್ತ ಹೋದರು. ಅದೇ ಕಾಲದ ಗುಡಿಗಳ ಹೊರಗೋಡೆಯಲ್ಲಿ ಗೋಡೆಗಂಬಗಳ ನಡುವೆ ಶಿಖರದ ಸಮೇತ ಕಿರುಗುಡಿಗಳಿರುತ್ತವೆ. ಒಂದೇ ಕಲ್ಲಿನಲ್ಲಿ ಬಿಡಿಸಿದ ಆ ಪುಟ್ಟ ಶಿಖರಕ್ಕೆ ಬೀಳುವ ಭಯವಿಲ್ಲ. ಮೇಲಿನ ನಿಜವಾದ ಶಿಖರವನ್ನು ಮಾತ್ರ ವರಸೆಯ ಮೇಲೆ ವರಸೆ ಇಟ್ಟು ಭಾರ ಇಳಿಸುತ್ತ ಕಟ್ಟಬೇಕಾಯಿತು.

ಇನ್ನು ರಾಕೆಟ್ಟಿಗೆ ಬರೋಣ. 30 ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ದಪ್ಪ, 25 ಗ್ರಾಂ ತೂಕದ ಒಂದು ಮಾದರಿ ಇದೆ ಎಂದಿಟ್ಟುಕೊಳ್ಳಿ. ಎಲ್ಲವನ್ನೂ, ಕೊಳವೆಯ ಗೋಡೆಯ ದಪ್ಪವನ್ನೂ ಬಿಡದೆ, ಎರಡು ಪಟ್ಟು ಮಾಡಿದರೆ ಉದ್ದ 60 ಸೆಂಟಿಮೀಟರ್, ತೂಕ 200 ಗ್ರಾಂ. ಅದನ್ನು ಎತ್ತಲು ಎಂಥ ಮೋಟಾರು ಬೇಕು? ಮಾದರಿ ರಾಕೆಟ್ಟಿನ ಮೋಟಾರುಗಳಿಗೆ ಎ, ಬಿ, ಸಿ ಎಂದು ಅಕ್ಷರಗಳಿವೆ. ತಳ್ಳುವ ಬಲವನ್ನು ಅದು ಉರಿಯುವ ಸೆಕೆಂಡುಗಳಿಂದ ಗುಣಿಸಿದರೆ ಬರುವ ಮೊತ್ತ ಒಂದೊಂದು ಅಕ್ಷರಕ್ಕೂ ಇಮ್ಮಡಿಯಾಗುತ್ತದೆ. ಎ ಅಂದರೆ ಎರಡೂವರೆ ನ್ಯೂಟನ್-ಸೆಕೆಂಡಿನವರೆಗೆ, ಬಿ ಅಂದರೆ ಐದರವರೆಗೆ, ಸಿ ಅಂದರೆ ಹತ್ತರವರೆಗೆ. ಎಂಟು ಪಟ್ಟು ತೂಕಕ್ಕೆ ಎಂಟು ಪಟ್ಟು ಮೊತ್ತ, ಅಂದರೆ ಮೂರು ಅಕ್ಷರ ಮೇಲೆ. ಸಿ ಮೋಟಾರಿನಲ್ಲಿ ಹಾರುತ್ತಿದ್ದದ್ದು ಎಫ್ ಕೇಳುತ್ತದೆ. ಗಾಳಿ ತಡೆಯುವ ಮುಖದ ವಿಸ್ತೀರ್ಣ ಮಾತ್ರ ನಾಲ್ಕೇ ಪಟ್ಟು ಆಗಿರುವುದರಿಂದ ಭಾರಕ್ಕೆ ಹೋಲಿಸಿದರೆ ಗಾಳಿಯ ಕಾಟ ಅರ್ಧಕ್ಕಿಳಿಯುತ್ತದೆ. ಏರುವಾಗ ದೊಡ್ಡದಕ್ಕೆ ಇದೊಂದು ಲಾಭ. ಇಳಿಯುವಾಗ ಅದೇ ಲಾಭ ಸಾಲವಾಗಿ ತಿರುಗಿ ನಿಲ್ಲುತ್ತದೆ. 30 ಸೆಂಟಿಮೀಟರಿನ ಪ್ಯಾರಾಚೂಟನ್ನು 60 ಮಾಡಿದರೆ ಬಟ್ಟೆ ನಾಲ್ಕು ಪಟ್ಟು, ಹೊರೆ ಎಂಟು ಪಟ್ಟು. ಇಳಿಯುವ ವೇಗ ಸುಮಾರು 1.4 ಪಟ್ಟಾಗುತ್ತದೆ, ನೆಲಕ್ಕೆ ಬಡಿಯುವ ಶಕ್ತಿ 16 ಪಟ್ಟು. ಮೊದಲಿನಷ್ಟೇ ಮೆತ್ತಗೆ ಇಳಿಯಬೇಕಾದರೆ ಪ್ಯಾರಾಚೂಟಿನ ಅಡ್ಡಳತೆ 85 ಸೆಂಟಿಮೀಟರ್ ಇರಬೇಕು. ಎಂಟನೆಯ ತರಗತಿಯ ವಿದ್ಯಾರ್ಥಿ ಮಾಡಬಹುದಾದ ವರ್ಗ-ಘನಗಳ ಲೆಕ್ಕ ಇದು. ಪುಸ್ತಕದಲ್ಲಿ ಇದೇ ಲೆಕ್ಕ ನೀರಿನ ತೊಟ್ಟಿಯ ಹೆಸರಲ್ಲಿ ಬರುತ್ತದೆ, ತೊಟ್ಟಿ ತುಂಬುತ್ತದೆ, ಪಾಠ ಮುಗಿಯುತ್ತದೆ.

ರೆಕ್ಕೆಯ ವಿಷಯ ಇನ್ನೂ ನವಿರು. ಮೂಲದಲ್ಲಿ ಬಾಲ್ಸಾ ಎಂಬ ಬೆಂಡಿನಂಥ ಕಟ್ಟಿಗೆಯ ತೆಳು ಹಲಗೆ ಇರುತ್ತದೆ. ಹಿಗ್ಗಿಸುವಾಗ ಸಿಕ್ಕಿದ ತೆಳುವನ್ನೇ ಅಗಲವಾಗಿ ಕತ್ತರಿಸಿ ಅಂಟಿಸುವುದು ಸಾಮಾನ್ಯ ತಪ್ಪು. ಹಲಗೆ ಬಾಗದೆ ನಿಲ್ಲುವ ಬಿಗಿ ಅದರ ದಪ್ಪದ ಘನದ ಲೆಕ್ಕದಲ್ಲಿ ಹೋಗುತ್ತದೆ. ಇರಬೇಕಾದ ದಪ್ಪದ ಅರ್ಧವಿದ್ದರೆ ಬಿಗಿ ಎಂಟನೆಯ ಒಂದು ಪಾಲಷ್ಟೇ. ವೇಗ ಏರಿದಾಗ ಅಂಥ ರೆಕ್ಕೆ ಗಾಳಿಪಟದ ಬಾಲಂಗೋಚಿಯಂತೆ ಪಟಪಟಿಸಿ ಕಿತ್ತು ಹೋಗುತ್ತದೆ. ಅದಕ್ಕೆಂದು ಪ್ಲೈವುಡ್ ಹಾಕಿದರೆ ಮತ್ತೊಂದು ತಾಪತ್ರಯ: ಪ್ಲೈವುಡ್ ಬಾಲ್ಸಾಗಿಂತ ಮೂರು ನಾಲ್ಕು ಪಟ್ಟು ಭಾರ, ಆ ಭಾರ ಬೀಳುವುದೆಲ್ಲ ಬಾಲದ ಕಡೆಗೆ. ರಾಕೆಟ್ ನೆಟ್ಟಗೆ ಹೋಗಬೇಕಾದರೆ ತೂಕದ ನಡು, ಗಾಳಿಯ ಒತ್ತಡದ ನಡುವಿಗಿಂತ ಮೈಯ ಒಂದು ಅಡ್ಡಳತೆಯಷ್ಟಾದರೂ ಮೂತಿಯ ಕಡೆಗಿರಬೇಕು. ಹಿಗ್ಗಿಸಿದಾಗ ಆಕಾರ ಅದೇ ಆದ್ದರಿಂದ ಗಾಳಿಯ ನಡು ತನ್ನ ಜಾಗದಲ್ಲೇ ಇರುತ್ತದೆ. ತೂಕದ ನಡು ಮಾತ್ರ ಭಾರದ ಮೋಟಾರು, ಪ್ಲೈವುಡ್, ಅಂಟು ಎಂದು ಒಂದೊಂದೇ ನೆವದಲ್ಲಿ ಹಿಂದಕ್ಕೆ ಜಾರುತ್ತದೆ. ನೋಡಲು ಮೂಲದ ಪಡಿಯಚ್ಚು, ಹಾರಿಸಿದರೆ ಲಾಗ. ಗಾಳಿಯ ನಡುವನ್ನು ಲೆಕ್ಕ ಹಾಕುವ ಸೂತ್ರಗಳನ್ನು ಜೇಮ್ಸ್ ಬಾರೋಮನ್ ಎಂಬ ನಾಸಾ ಎಂಜಿನಿಯರ್ 1966ರಲ್ಲಿ ಹವ್ಯಾಸಿಗಳ ಮುಂದಿಟ್ಟ. ಅದಕ್ಕೂ ಮುಂಚಿನ ಉಪಾಯ ನಮ್ಮ ಶಾಲೆಗೆ ಸಾಕು: ರಾಕೆಟ್ಟಿನ ಪಕ್ಕನೋಟವನ್ನು ರಟ್ಟಿನಲ್ಲಿ ಕತ್ತರಿಸಿ, ಸ್ಕೇಲಿನ ಅಂಚಿನ ಮೇಲೆ ತೂಗಿ ನಿಲ್ಲಿಸಿದರೆ, ನಿಂತ ಜಾಗವೇ ಗಾಳಿಯ ನಡು ಎಂದು ಸದ್ಯಕ್ಕೆ ಹಿಡಿಯಬಹುದು. ಅಂದಾಜು ಒರಟು, ಆದರೆ ಎಚ್ಚರಿಕೆಯ ಕಡೆಗೇ ವಾಲುವಂಥದ್ದು. ಆಮೇಲೆ ನಿಜವಾದ ರಾಕೆಟ್ಟಿನ ತೂಕದ ನಡುವಿಗೆ ದಾರ ಕಟ್ಟಿ, ಜೋಳದ ಹೊಲದಲ್ಲಿ ಹಕ್ಕಿ ಹೊಡೆಯಲು ಕವಣೆ ಬೀಸುವಂತೆ ತಲೆಯ ಮೇಲೆ ತಿರುಗಿಸಬೇಕು. ಮೂತಿ ಮುಂದಾಗಿ ಸುತ್ತಿದರೆ ಪಾಸು. ಅಡ್ಡಡ್ಡ ಹೊರಳಿದರೆ ಮೂತಿಯೊಳಗೆ ಒಂದು ಉಂಡೆ ಜೇಡಿಮಣ್ಣು ಮೆತ್ತಿ ಮತ್ತೆ ಬೀಸಬೇಕು. ಚಿಕ್ಕ ರಾಕೆಟ್ಟಿಗೆ ಬೇಕಿಲ್ಲದ ಆ ಮಣ್ಣಿನುಂಡೆ ದೊಡ್ಡದಕ್ಕೆ ಬೇಕಾಯಿತೆಂಬುದು ಕೈಗೇ ಗೊತ್ತಾಗುತ್ತದೆ. ಥರ್ಮೊಕೋಲಿನ ಎಲ್‌ವಿಎಂ-3 ಹತ್ತು ವರ್ಷ ಬೆಂಚಿನ ಮೇಲೆ ನಿಂತರೂ ಈ ಸಂಗತಿ ಹೇಳಿಕೊಡಲಾರದು.

ನಿಜವಾದ ರಾಕೆಟ್ಟಿನವರೂ ಇದೇ ದಾರಿಯಲ್ಲಿ ನಡೆದಿದ್ದಾರೆ. ಮೈಸೂರಿನ ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿದ್ದ ‘ಬಾಣ’ ಎಂಬ ರಾಕೆಟ್ಟುಗಳು ಗೇಣುದ್ದದ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟಿದವು. 1786ರಲ್ಲಿ ಸವಣೂರಿನವರೆಗೆ ಬಂದಿದ್ದ ಸೈನ್ಯ ಅದು. ಹಿರೇಕೆರೂರಿನ ದಕ್ಷಿಣಕ್ಕೆ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳನ್ನು ತೆಗೆದರು. ಅವು ಕಬ್ಬಿಣದವಾಗಿದ್ದದ್ದೇ ಅವುಗಳ ಹೆಚ್ಚುಗಾರಿಕೆ. ಕೊಳವೆಯೊಳಗಿನ ಒತ್ತಡ ಗೋಡೆಯನ್ನು ಸೀಳುವ ಬಲ ಅಡ್ಡಳತೆಗೆ ತಕ್ಕಂತೆ ಏರುತ್ತದೆ. ಕಾಗದದ ಬಿರುಸನ್ನು ಹಾಗೆಯೇ ದಪ್ಪ ಮಾಡುತ್ತ ಹೋದರೆ ಅದು ಹಾರುವ ಬದಲು ಸಿಡಿಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಬಾಣಗಳು ಇಂಗ್ಲೆಂಡಿನ ವುಲ್ವಿಚ್ ತಲುಪಿದವು, ವಿಲಿಯಂ ಕಾಂಗ್ರೀವ್ ಅವನ್ನು ಹಿಗ್ಗಿಸಲು ಕೂತ. ಅವನ 32 ಪೌಂಡಿನ ರಾಕೆಟ್ಟಿಗೆ ಕಟ್ಟಬೇಕಾದ ಕೋಲಿನ ಉದ್ದ 15 ಅಡಿಯಾಯಿತು. ಕೊಳವೆ ಬೆಳೆಯಿತು, ಕೋಲು ಅದಕ್ಕಿಂತ ದೊಡ್ಡ ರಗಳೆಯಾಗಿ ಬೆಳೆಯಿತು. ಕೊನೆಗೆ 1844ರಲ್ಲಿ ವಿಲಿಯಂ ಹೇಲ್ ಕೋಲನ್ನೇ ಕಿತ್ತೆಸೆದು ರಾಕೆಟ್ಟನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗೆ ಓಡಿಸಿದ. ಕೇರಳದ ತುಂಬಾದಲ್ಲಿ 1967ರ ನವೆಂಬರ್ 20ರಂದು ಹಾರಿದ ನಮ್ಮ ಆರ್‌ಎಚ್-75ರ ಹೆಸರಿನಲ್ಲೇ ಅಡ್ಡಳತೆ ಇದೆ, 75 ಮಿಲಿಮೀಟರ್. ಅದರ ಹಿಂದೆ ಬಂದ ರೋಹಿಣಿ ಸರಣಿಯಲ್ಲಿ ಇಂದಿಗೂ ಹಾರುವವು ಆರ್‌ಎಚ್-200, 300 ಮತ್ತು 560. ಆರ್‌ಎಚ್-200 ಮೂರೂವರೆ ಮೀಟರಿಗೆ ತುಸು ಹೆಚ್ಚು ಉದ್ದ, 108 ಕೆಜಿ ತೂಕ. 2022ರ ನವೆಂಬರ್ 23ಕ್ಕೆ ಸತತ 200 ಬಾರಿ ತಪ್ಪಿಲ್ಲದೆ ಹಾರಿದ ಖ್ಯಾತಿ ಅದರದು. ಅದನ್ನೇ 2.8 ಪಟ್ಟು ಎಳೆದು 560 ಮಾಡಿದ್ದರೆ ಉದ್ದ ಹತ್ತು ಮೀಟರ್, ತೂಕ ಎರಡು ಟನ್ನಿಗೂ ಮಿಕ್ಕುತ್ತಿತ್ತು. ನಿಜವಾದ ಆರ್‌ಎಚ್-560 ಎಂಟು ಮೀಟರಿಗಿಂತ ಕಡಿಮೆ, ತೂಕ ಒಂದೂವರೆ ಟನ್ನಿನೊಳಗೆ. ಇಸ್ರೊದವರು ಹಳೆಯದನ್ನು ಹಿಗ್ಗಿಸಲಿಲ್ಲ, ಹೊಸ ಬುಡ ಕಟ್ಟಿ ಅದರ ಹೆಗಲ ಮೇಲೆ 300ರ ಮೋಟಾರನ್ನು ಕೂರಿಸಿದರು. ಎರಡು ಪಟ್ಟು ಎಂದರೆ ಎಂಟು ಪಟ್ಟು ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ.

ಇಲ್ಲಿಗೆ ಮೊದಲ ಆಕ್ಷೇಪ ಬಂದೇ ಬರುತ್ತದೆ, ಬರಲೇಬೇಕು: ಮಕ್ಕಳ ಕೈಗೆ ರಾಕೆಟ್ ಕೊಡುವುದೆಂದರೆ ಬೆಂಕಿ ಕೊಟ್ಟಂತೆ. 2023ರ ಆಗಸ್ಟ್‌ನಲ್ಲಿ ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ ಬೆಂಕಿ ಬಿದ್ದು ಕಾರ್ಮಿಕರು ಸತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ. ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ: ಶಾಲೆಯಲ್ಲಿ ಯಾರೂ ಮದ್ದು ಅರೆಯಬಾರದು, ತುಂಬಬಾರದು, ಅದರ ಬೆರಕೆಯ ಪ್ರಮಾಣವನ್ನು ಹಲಗೆಯ ಮೇಲೆ ಬರೆಯಲೂಬಾರದು. 1884ರ ಸ್ಫೋಟಕ ಕಾಯ್ದೆ, 2008ರ ಸ್ಫೋಟಕ ನಿಯಮಗಳು ಇರುವುದು ಇದಕ್ಕೇ. ಸ್ಟೈನ್ 1957ರಲ್ಲಿ ಈ ಹವ್ಯಾಸಕ್ಕೆ ಇಳಿದದ್ದೂ ಅಮೆರಿಕದ ಹುಡುಗರು ಮನೆಯಲ್ಲೇ ಇಂಧನ ಕಲಸಿ ಕೈ, ಕಣ್ಣು ಕಳೆದುಕೊಳ್ಳುತ್ತಿದ್ದರೆಂಬ ಕಾರಣಕ್ಕೆ. ಅಪಾಯದ ಮೋಟಾರು ಕಾರ್ಖಾನೆಯಿಂದ ಬರಲಿ, ಉಳಿದದ್ದು ಮಕ್ಕಳ ಕೈಯಿಂದಾಗಲಿ ಎಂಬುದೇ ಆ ಹವ್ಯಾಸದ ಅಡಿಪಾಯ. ನಾನು ಹೇಳುತ್ತಿರುವ ಪಾಠದ ಮುಕ್ಕಾಲು ಪಾಲಿಗೆ ಮೋಟಾರು ಬೇಕೇ ಇಲ್ಲ. ತಕ್ಕಡಿ, ಸ್ಕೇಲು, ದಾರ, ರಟ್ಟು ಸಾಕು. ಪ್ಯಾರಾಚೂಟನ್ನು ಶಾಲೆಯ ಮಾಳಿಗೆಯಿಂದ ಶಿಕ್ಷಕರೇ ಬಿಟ್ಟು, ಕೆಳಗೆ ಗಡಿಯಾರ ಹಿಡಿದು ನಿಲ್ಲಬಹುದು. ಹಾರಿಸಲೇಬೇಕೆಂಬ ಹಟವಿದ್ದರೆ ಸೈಕಲ್ ಪಂಪಿನಿಂದ ಗಾಳಿ ತುಂಬುವ ನೀರಿನ ಬಾಟಲಿ ರಾಕೆಟ್ ಇದೆ, ಅಲ್ಲೂ ಹಿಗ್ಗಿಸುವ ಪಾಠವೇ. ಅರ್ಧ ಲೀಟರಿನ ಬಾಟಲಿಯಿಂದ ಎರಡು ಲೀಟರಿನದಕ್ಕೆ ಹೋದಾಗ ಪ್ಲಾಸ್ಟಿಕ್ಕಿನ ದಪ್ಪ ಹೆಚ್ಚುಕಡಿಮೆ ಅಷ್ಟೇ ಇದ್ದು ಅಡ್ಡಳತೆ ಏರಿದ್ದರೆ, ಅದೇ ಒತ್ತಡಕ್ಕೆ ಗೋಡೆಯ ಸೆಳೆತ ಏರುತ್ತದೆ. ನಗರದ ಬಾವಿಯ ಕಬ್ಬಿಣದ ಕೊಳವೆಗೂ ಈ ಬಾಟಲಿಗೂ ಸೂತ್ರ ಒಂದೇ. ದೊಡ್ಡ ಬಾಟಲಿಗೆ ಹೆಚ್ಚು ಪಂಪು ಹೊಡೆಯಬಹುದು ಎಂಬ ಹುಡುಗರ ಎಣಿಕೆ ತಲೆಕೆಳಗಾದದ್ದು ಎಂದು, ದೂರ ನಿಂತು ಹಗ್ಗ ಎಳೆದು ಬಿಡುವ ಮೊದಲೇ, ಲೆಕ್ಕದಲ್ಲಿ ತೋರಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಯಾರದೋ ಹಳೆಯ ರಾಕೆಟ್ಟನ್ನು, ಅದೂ ಬಣ್ಣದ ಪಟ್ಟಿಯ ಸಮೇತ, ನಕಲು ಮಾಡಿಸುವುದು ಯಾವ ಸೀಮೆಯ ಸೃಜನಶೀಲತೆ? ಮಗು ತನ್ನದೇ ರಾಕೆಟ್ ಕಲ್ಪಿಸಲಿ, ತನ್ನಿಷ್ಟದ ಬಣ್ಣ ಹಚ್ಚಲಿ ಎನ್ನುವವರಿದ್ದಾರೆ. ಈ ಮಾತನ್ನು ಅರ್ಧ ಒಪ್ಪಬಹುದು. ಆದರೆ ಸ್ವಂತ ಕಲ್ಪನೆಯ ರಾಕೆಟ್ ತಪ್ಪಾಗಿದೆ ಎಂದು ಹೇಳಲು ಯಾವ ಅಳತೆಗೋಲು ಇದೆ? ಹಳೆಯ ಮಾದರಿ ಹಾರಿ ತೋರಿಸಿದ್ದು, ಅದರ ಪ್ರತಿ ಅಳತೆ ಗೊತ್ತಿದ್ದದ್ದು. ಪಕ್ಕದಲ್ಲೇ ಇಟ್ಟು ನೋಡಿದಾಗ ದೊಡ್ಡದು ಎಲ್ಲಿ ದಾರಿ ತಪ್ಪಿತೆಂದು ಕಣ್ಣಿಗೆ ಹೊಡೆಯುತ್ತದೆ. ಹಾಡುಗಾರಿಕೆ ಕಲಿಯುವವರು ಗುರುವಿನ ಬಂದಿಶನ್ನೇ ಮೊದಲು ಹಾಡುವುದು ಯಾಕೆಂದು ಧಾರವಾಡದ ನೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಣ್ಣದ ವಿಷಯದಲ್ಲಂತೂ ಮೂಲವನ್ನು ಹಿಡಿಯುವುದು ಕಲ್ಪಿಸುವುದಕ್ಕಿಂತ ಕಷ್ಟ. ಹಳೆಯ ರಾಕೆಟ್ಟುಗಳ ಕಪ್ಪು-ಬಿಳಿ ಚೌಕಗಳನ್ನು ಅಲಂಕಾರ ಎಂದುಕೊಳ್ಳುವವರು ಬಹಳ. ಪರೀಕ್ಷೆಗೆ ಹಾರಿಸಿದ ಜರ್ಮನಿಯ ವಿ-2ರ ಮೈಮೇಲೆ ಅವನ್ನು ಬಳಿದದ್ದು, ದೂರದ ಕ್ಯಾಮೆರಾಕ್ಕೆ ರಾಕೆಟ್ ತನ್ನ ಸುತ್ತ ಎಷ್ಟು ತಿರುಗಿತೆಂದು ಕಾಣಲಿ ಎಂದು. ಹವ್ಯಾಸಿಗಳ ಕಿತ್ತಳೆ, ಕೆಂಪು ಬಣ್ಣಗಳು ಬಿದ್ದ ರಾಕೆಟ್ ಹುಡುಕಲು. ಇದನ್ನು ಅರಿತರೆ ನಮ್ಮ ಹೊಲಕ್ಕೆ ಬಣ್ಣ ಬದಲಿಸುವ ಹಕ್ಕು ತಾನಾಗಿ ಬರುತ್ತದೆ: ಹಣ್ಣು ಮೆಣಸಿನಕಾಯಿಯ ಹೊಲದಲ್ಲಿ ಕೆಂಪು ರಾಕೆಟ್ ಬಿದ್ದರೆ ಸಿಕ್ಕಂತೆಯೇ, ಆಳೆತ್ತರದ ಗೋವಿನಜೋಳದಲ್ಲಿ ಬಿದ್ದರೆ ಯಾವ ಬಣ್ಣವೂ ಕಾಯುವುದಿಲ್ಲ.

ಬಳಿಯುವ ಕೆಲಸದಲ್ಲೂ ಹಿಗ್ಗುವಿಕೆ ತನ್ನ ಬುದ್ಧಿ ತೋರಿಸುತ್ತದೆ. ಮೈಗೆ ಬೇಕಾದ ಕೊಳವೆ ಪೇಟೆಯಲ್ಲೇ ಇದೆ. ಫ್ಲೆಕ್ಸ್ ಅಂಗಡಿಯ, ಬಟ್ಟೆ ಅಂಗಡಿಯ ಖಾಲಿ ರೋಲಿನ ರಟ್ಟಿನ ಕೊಳವೆಗಳು ಬಿಸಾಡಲು ಇಟ್ಟಿರುವವೇ. ಅವುಗಳ ಮೇಲೆ ಕಾಗದ ಸುತ್ತಿದ ಓರೆ ಸಂದು ಬಳ್ಳಿಯಂತೆ ಮೇಲಿಂದ ಕೆಳಗೆ ಹರಿದಿರುತ್ತದೆ. ಗೇಣುದ್ದದ ರಾಕೆಟ್ಟಿನಲ್ಲಿ ಅದು ಕೂದಲೆಳೆ, ಯಾರಿಗೂ ಕಾಣದು. ದಪ್ಪ ಕೊಳವೆಯಲ್ಲಿ ಅದೇ ಗಾಯದ ಗೆರೆ. ಪುಟ್ಟಿ ತುಂಬಿ, ಒಣಗಿಸಿ, ಉಪ್ಪುಕಾಗದದಿಂದ ತಿಕ್ಕಿ, ಬೆರಳ ತುದಿಗೆ ಸಂದು ತಾಗದ ತನಕ ಬಿಡಬಾರದು. ಆಮೇಲೆ ಪ್ರೈಮರಿನ ತೆಳು ಪದರ, ಮತ್ತೆ ತಿಕ್ಕು, ಮತ್ತೆ ಪದರ. ಪ್ರೈಮರ್ ಒಣಗಿದಾಗಲೇ ಉಳಿದ ತಗ್ಗುಗಳು ನೆರಳಾಗಿ ಕಾಣುವುದು. ಅವಸರದಲ್ಲಿ ಮೇಲೆ ಹೊಳಪಿನ ಬಣ್ಣ ಬಳಿದವರಿಗೆ ಪ್ರತಿ ತಗ್ಗೂ ಕನ್ನಡಿ ಹಿಡಿಯುತ್ತದೆ. ಮೂತಿಯನ್ನು ಥರ್ಮೊಕೋಲಿನಲ್ಲಿ ಕೊರೆದಿದ್ದರೆ ಸ್ಪ್ರೇ ಬಣ್ಣ ನೇರವಾಗಿ ಸೋಕಬಾರದು. ಬಣ್ಣದ ದ್ರಾವಕಕ್ಕೆ ಥರ್ಮೊಕೋಲು ಬೆಲ್ಲದಂತೆ ಕರಗಿ ಕುಳಿ ಬೀಳುತ್ತದೆ. ಮೊದಲು ಫೆವಿಕಾಲ್ ಹಚ್ಚಿ ತೆಳು ಕಾಗದದ ಚೂರುಗಳ ಎರಡು ಮೂರು ಹೊದಿಕೆ ಕೊಡಬೇಕು. ಬಿಳಿ ಮೊದಲು, ಕಪ್ಪು ಆಮೇಲೆ. ಮಾಸ್ಕಿಂಗ್ ಟೇಪಿನ ಅಂಚಿನಡಿ ಕಪ್ಪು ನುಸುಳದಿರಲು ಟೇಪಿನ ಅಂಚಿಗೆ ಇನ್ನೊಮ್ಮೆ ಬಿಳಿಯನ್ನೇ ಸವರಿ ಸಂದು ಮುಚ್ಚುವುದು ಕೈಪಳಗಿದವರ ಉಪಾಯ, ನುಸುಳಿದರೂ ಬಿಳಿಯ ಮೇಲೆ ಬಿಳಿಯೇ ನುಸುಳುತ್ತದೆ. ಮೂಲದಲ್ಲಿ ಒಂದು ಮಿಲಿಮೀಟರ್ ಇದ್ದ ಗೆರೆ ಇಲ್ಲಿ ಎರಡೋ ಮೂರೋ ಆಗಬೇಕು, ಕಣ್ಣಳತೆಗೆ ಬಿಟ್ಟರೆ ಒಂದರಲ್ಲೇ ಉಳಿದು ದೊಡ್ಡ ರಾಕೆಟ್ ಬಡವಾಗಿ ಕಾಣುತ್ತದೆ. ಬಣ್ಣದ ಪದರ ಮಾತ್ರ ಹಿಗ್ಗುವುದಿಲ್ಲ, ಚಿಕ್ಕದರ ಮೇಲೂ ದೊಡ್ಡದರ ಮೇಲೂ ಅದು ಅಷ್ಟೇ ತೆಳು. ಹಾಗಾಗಿ ಬಣ್ಣದ ತೂಕ ನಾಲ್ಕು ಪಟ್ಟಾದರೆ ಮೈಯ ತೂಕ ಎಂಟು ಪಟ್ಟು. ಪುಟ್ಟ ರಾಕೆಟ್ಟಿಗೆ ನಾಲ್ಕು ಕೋಟು ಬಣ್ಣ ಹೊರೆಯಾಗುತ್ತದೆ, ದೊಡ್ಡದು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗೊಟಗೋಡಿಯಲ್ಲಿ ಸಿಮೆಂಟಿನ ಸೀರೆಯ ಅಂಚಿಗೆ ಬಣ್ಣ ಕೊಟ್ಟ ಕೈಗಳಿಗೆ ಇದೆಲ್ಲ ಹೊಸತಲ್ಲ. ಹತ್ತು ಹೆಜ್ಜೆ ದೂರದಿಂದ ನೋಡುವವರಿಗೆ ಅಂಚು ಎಷ್ಟು ಅಗಲ ಇರಬೇಕೆಂಬ ತೀರ್ಮಾನ ಅಲ್ಲಿ ಪ್ರತಿ ಮೂರ್ತಿಯ ಮೇಲೂ ಕೂತಿದೆ. ಅದೇ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇದೆ. ವಿಜ್ಞಾನದ ಮೇಷ್ಟ್ರು, ಚಿತ್ರಕಲೆಯ ಮೇಷ್ಟ್ರು ಒಂದೇ ಬೆಂಚಿನ ಎರಡು ಕಡೆ ನಿಲ್ಲುವ ಇಂಥ ಕೆಲಸ ಶಾಲೆಯಲ್ಲಿ ಬೇರೆ ಯಾವುದಿದೆ?

ಮೂರನೆಯ ಆಕ್ಷೇಪ ಅಂಕದ್ದು. ಥರ್ಮೊಕೋಲಿನ ಚಂದ್ರಯಾನ ಎರಡು ಸಂಜೆಯಲ್ಲಿ ಮುಗಿಯುತ್ತದೆ, ನೋಡಲು ಭರ್ಜರಿ, ಬಹುಮಾನವೂ ಅದಕ್ಕೇ. ಒಂದು ತಿಂಗಳು ಉಪ್ಪುಕಾಗದ ತಿಕ್ಕಿದ ಹೆಸರಿಲ್ಲದ ರಾಕೆಟ್ಟಿನ ಮುಂದೆ ಯಾರು ನಿಲ್ಲುತ್ತಾರೆ? ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಯಾಕೆಂದರೆ ಇದು ತೀರ್ಪುಗಾರರ ರುಚಿಯ ಪ್ರಶ್ನೆ. ಆದರೆ ರುಚಿ ಬದಲಿಸಲು ಒಂದು ಪ್ರಶ್ನೆ ಸಾಕು. ಚಿಕ್ಕದು, ದೊಡ್ಡದು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದ ಬೆಂಚಿನ ಮುಂದೆ ನಿಂತು ತೀರ್ಪುಗಾರರು, ಇದು ಯಾವ ರಾಕೆಟ್ ಎಂದು ಕೇಳುವ ಬದಲು, ಇದರಲ್ಲಿ ಎರಡು ಪಟ್ಟಾಗದೆ ಉಳಿದದ್ದು ಯಾವುದು ಎಂದು ಕೇಳಲಿ. ತಾನೇ ಕಟ್ಟಿದ ಹುಡುಗಿಯಾಗಿದ್ದರೆ ಉತ್ತರಕ್ಕೆ ತಡವರಿಸುವುದಿಲ್ಲ. ಬಣ್ಣದ ಪದರ ಎನ್ನುತ್ತಾಳೆ. ರಟ್ಟಿನೊಳಗಿನ ನಾರು ಎನ್ನುತ್ತಾಳೆ. ಹೊರಗಿನ ಗಾಳಿ ಮತ್ತು ಭೂಮಿಯ ಸೆಳೆತ ಎನ್ನುತ್ತಾಳೆ. ಆಮೇಲೆ ಮೂತಿಯನ್ನು ಬಿಚ್ಚಿ, ಚಿಕ್ಕದರಲ್ಲಿ ಇಲ್ಲದ ಆ ಜೇಡಿಮಣ್ಣಿನ ಉಂಡೆಯನ್ನು ಹೊರಗೆ ತೆಗೆದು ತೋರಿಸುತ್ತಾಳೆ.